ಈ ಮಾತು ಯಾರದು? ಸಂಪ್ರಬಂಧ ಬರೆಯುವವರಿಗೆ ಒಂದಿಷ್ಟು ಕಿವಿಮಾತು

ಕನ್ನಡ ಎಂ.ಎ. ವಿದ್ಯಾರ್ಥಿಗಳ ಸಂಪ್ರಬಂಧಗಳಲ್ಲಿ ಒಂದು ಬಗೆಯ ಪುಟ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮೇಲೆ ಎರಡು ಸಾಲು ವಿದ್ಯಾರ್ಥಿಯದು. ಅದರ ಕೆಳಗೆ ಹತ್ತು ಸಾಲಿನ ಉದ್ಧರಣೆ. ಆಮೇಲೆ ‘ಮುಂದುವರಿದು ಅವರು ಹೀಗೆ ಹೇಳುತ್ತಾರೆ’ ಎಂಬ ಒಂದು ಸಾಲು, ಅದರ ಬೆನ್ನಿಗೇ ಇನ್ನೊಂದು ಉದ್ಧರಣೆ. ಕೊನೆಯಲ್ಲಿ ‘ಇದರಿಂದ ನಮಗೆ ತಿಳಿದುಬರುವುದೇನೆಂದರೆ’ ಎಂದು ಶುರುವಾಗಿ, ಮೇಲಿನದನ್ನೇ ಕೊಂಚ ಚಿಕ್ಕದು ಮಾಡಿ ಹೇಳುವ ವಾಕ್ಯ. ಓದಿ ಮುಗಿಸುವಷ್ಟರಲ್ಲಿ ಇಬ್ಬರು ವಿದ್ವಾಂಸರ ಅಭಿಪ್ರಾಯ ಗೊತ್ತಾಗಿರುತ್ತದೆ. ಬರೆದವರು ಏನಂದುಕೊಂಡಿದ್ದಾರೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಇದಕ್ಕೆ ಸೋಮಾರಿತನ ಕಾರಣವೆಂದು ನನಗನ್ನಿಸುವುದಿಲ್ಲ. ‘ಅಷ್ಟು ದೊಡ್ಡವರು ಹೇಳಿದ ಮೇಲೆ ನಾನೇನು ಹೇಳುವುದು’ ಎಂಬ ಸಂಕೋಚವೇ ಹೆಚ್ಚು. ಜೊತೆಗೆ, ಪರೀಕ್ಷೆಯ ಉತ್ತರದಲ್ಲಿ ನಾಲ್ಕು ವಿದ್ವಾಂಸರ ಹೆಸರು ತುರುಕಿದರೆ ಅಂಕ ಬರುತ್ತದೆಂಬ ಹಳೆಯ ರೂಢಿ. ಸಂಪ್ರಬಂಧದ ಲೆಕ್ಕ ಬೇರೆ. ಅಲ್ಲಿ ಮೊದಲು ನಿಮ್ಮದೊಂದು ಮಾತು ಇರಬೇಕು. ಆಕರ ಬರುವುದು ಅದನ್ನು ನಿಲ್ಲಿಸಲಿಕ್ಕೆ. ಬಂದ ಆಕರದಲ್ಲಿ ನಿಮಗೆ ಕಂಡದ್ದೇನು ಎಂದು ಹೇಳುವವರೂ ನೀವೇ. ಇಷ್ಟು ಸಾಲದು: ಓದುವವರಿಗೆ ಅನುಮಾನ ಬಂದರೆ ಅದೇ ಕಲ್ಲು, ಅದೇ ಪುಟದ ಹತ್ತಿರ ತಾವೇ ಹೋಗಿ ನಿಲ್ಲುವ ಹಾಗೆ ದಾರಿಯೂ ಬರೆದಿರಬೇಕು.

ಎಲ್ಲರಿಗೂ ಗೊತ್ತಿರುವ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ.

ಹಲ್ಮಿಡಿ ಕಲ್ಲು ಹೇಳುವುದು, ಹೇಳದಿರುವುದು

‘ಹಲ್ಮಿಡಿ ಶಾಸನವು ಕನ್ನಡದ ಮೊದಲ ಶಾಸನವಾಗಿದೆ. ಇದು ಕ್ರಿ.ಶ. 450ರಲ್ಲಿ ರಚಿತವಾಗಿದೆ. ಇದರಿಂದ ಕನ್ನಡದ ಪ್ರಾಚೀನತೆ ತಿಳಿದುಬರುತ್ತದೆ.’ ನೂರಾರು ಸಂಪ್ರಬಂಧಗಳಲ್ಲಿ ಈ ಮೂರು ವಾಕ್ಯಗಳು ಒಂದಲ್ಲ ಒಂದು ರೂಪದಲ್ಲಿ ಇವೆ. ಕೆಳಗೆ ಅಡಿಟಿಪ್ಪಣಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಯಾವುದೋ ಗೈಡು, ಇಲ್ಲವೇ ಬರಿದೇ ‘ಹಲ್ಮಿಡಿ ಶಾಸನ’ ಎಂದಿರುತ್ತದೆ.

ಒಂದೊಂದೇ ವಾಕ್ಯ ಹಿಡಿದು ‘ಈ ಮಾತು ಯಾರದು?’ ಎಂದು ಕೇಳುತ್ತ ಹೋಗಿ. 450 ಎಂದದ್ದು ಯಾರು? ಕಲ್ಲಲ್ಲ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಆ ಹದಿನಾರು ಸಾಲಿನ ಶಾಸನದಲ್ಲಿ ಕಾಲವನ್ನೇ ನಮೂದಿಸಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವನ್ನೆಲ್ಲ ನೋಡಿ ವಿದ್ವಾಂಸರು ಕಟ್ಟಿದ ಅಂದಾಜು ಅದು. ಶಾಸನವನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಅದು ಪ್ರಕಟವಾಯಿತು. ಸುಮಾರು 450 ಎಂಬುದು ಅವರ ಅಂದಾಜು. ಡಿ.ಸಿ. ಸರ್ಕಾರ್ ಅವರಂಥ ಶಾಸನತಜ್ಞರು ಅದನ್ನು ಆರನೆಯ ಶತಮಾನದ ಕೊನೆಯತ್ತ ತಳ್ಳಿದ್ದಾರೆ. ಹಾಗಿರುವಾಗ ‘450’ರ ಪಕ್ಕ ‘ಹಲ್ಮಿಡಿ ಶಾಸನ’ ಎಂದು ಟಿಪ್ಪಣಿ ಹಾಕಿದರೆ, ಕಲ್ಲು ಹೇಳದ ಮಾತನ್ನು ಕಲ್ಲಿನ ಬಾಯಲ್ಲಿ ಹೇಳಿಸಿದಂತೆ ಆಗುತ್ತದೆ.

‘ಮೊದಲ’ ಎಂಬ ವಿಶೇಷಣಕ್ಕೂ ಇದೇ ಗತಿ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನ ಕ್ರಿ.ಶ. 370ರಷ್ಟು ಹಿಂದಿನದು ಎಂಬ ವಾದ ಬಂದ ಮೇಲೆ ಆ ಒಂದು ಪದಕ್ಕೇ ಪ್ರತ್ಯೇಕ ಆಧಾರ ಬೇಕು. ಇನ್ನು ‘ಪ್ರಾಚೀನತೆ ತಿಳಿದುಬರುತ್ತದೆ’ ಎಂಬುದು ಯಾರ ಮಾತೂ ಅಲ್ಲ. ಎಲ್ಲಿ ಬೇಕಾದರೂ ಹೊಂದುವ, ಏನನ್ನೂ ಹೇಳದ ವಾಕ್ಯ ಅದು.

ಇದನ್ನೇ ಬೇರೆ ಥರ ಬರೆದರೆ ಹೇಗಿರುತ್ತದೆ ನೋಡಿ. ವಿದ್ಯಾರ್ಥಿಯ ವಿಷಯ ‘ಆರಂಭಕಾಲದ ಆಡಳಿತದಲ್ಲಿ ಕನ್ನಡ’ ಎಂದಿಟ್ಟುಕೊಳ್ಳೋಣ.

‘ದೇವರ ಸ್ತುತಿಗೆ ಒಂದು ಭಾಷೆ, ಭೂಮಿಯ ವ್ಯವಹಾರಕ್ಕೆ ಇನ್ನೊಂದು ಎಂಬ ಹಂಚಿಕೆ ಕನ್ನಡ ಶಾಸನಗಳಲ್ಲಿ ಬಹಳ ಬೇಗ ಕಾಣಿಸಿಕೊಳ್ಳುತ್ತದೆ. ಹಲ್ಮಿಡಿ ಶಾಸನ ವಿಷ್ಣುಸ್ತುತಿಯ ಸಂಸ್ಕೃತ ಶ್ಲೋಕದಿಂದ ತೊಡಗಿ, ಯುದ್ಧದಲ್ಲಿ ಸಾಹಸ ತೋರಿದವನಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ ಸಂಗತಿಗೆ ಬಂದಾಗ ಕನ್ನಡಕ್ಕೆ ಹೊರಳುತ್ತದೆ.¹ ಶಾಸನದಲ್ಲಿ ಕಾಲದ ನಮೂದಿಲ್ಲ. ಎಂ.ಎಚ್. ಕೃಷ್ಣ ಅದನ್ನು ಸುಮಾರು ಕ್ರಿ.ಶ. 450 ಎಂದು ಅಂದಾಜಿಸಿದರೆ,² ಡಿ.ಸಿ. ಸರ್ಕಾರ್ ಆರನೆಯ ಶತಮಾನದ ಕೊನೆಗೆ ತರುತ್ತಾರೆ.³ ಈ ಎರಡರಲ್ಲಿ ಯಾವುದನ್ನು ಒಪ್ಪಿದರೂ ನನ್ನ ವಾದಕ್ಕೆ ಬಾಧೆಯಿಲ್ಲ. ಕನ್ನಡ ಭಾಗದಲ್ಲೂ ಸಂಸ್ಕೃತ ಪದಗಳು ದಟ್ಟವಾಗಿವೆ ಎಂಬುದು ಮಾತ್ರ ಈ ಹಂಚಿಕೆ ಅಷ್ಟು ಸರಳವಾಗಿರಲಿಲ್ಲ ಎಂದು ಎಚ್ಚರಿಸುತ್ತದೆ.’

ಇಲ್ಲಿ ಉದ್ಧರಣ ಚಿಹ್ನೆಯೊಳಗೆ ಯಾರ ಸಾಲೂ ಇಲ್ಲ. ಆದರೆ ಮೂರು ಆಕರಗಳಿವೆ, ಪ್ರತಿಯೊಂದೂ ತನ್ನ ಕೆಲಸ ಮಾಡುತ್ತಿದೆ. ಮೊದಲ ವಾಕ್ಯಕ್ಕೆ ಟಿಪ್ಪಣಿಯಿಲ್ಲ, ಅದು ವಿದ್ಯಾರ್ಥಿಯ ಸ್ವಂತದ್ದು. ಕೊನೆಯ ವಾಕ್ಯವೂ ಅವರದೇ, ಅದೂ ತಮ್ಮ ವಾದವನ್ನೇ ತುಸು ಅನುಮಾನಿಸುವಂಥದ್ದು. ಯಾವ ಮೌಲ್ಯಮಾಪಕರೂ ಇಂಥ ಪ್ಯಾರಾವನ್ನು ಹಗುರವಾಗಿ ನೋಡುವುದಿಲ್ಲ.

ಉದ್ಧರಿಸುವುದು ಯಾವಾಗ?

ಮೂಲದ ಪದಗಳೇ ಸಾಕ್ಷ್ಯವಾಗಿದ್ದಾಗ. ಶಾಸನದಲ್ಲಿ ಬರುವ ಒಂದು ತೆರಿಗೆಯ ಹೆಸರು, ವಚನದಲ್ಲಿ ಬರುವ ಒಂದು ರೂಪಕ, ನೀವು ಒಪ್ಪದ ವಿಮರ್ಶಕರ ಒಂದು ವಾಕ್ಯ, ಒಂದು ಪಾರಿಭಾಷಿಕ ವ್ಯಾಖ್ಯೆ ಇಂಥವನ್ನು ಅಕ್ಷರ ಬಿಡದೆ ಕೊಡಬೇಕು. ಬರೀ ಮಾಹಿತಿ ಬೇಕಿದ್ದರೆ ನಿಮ್ಮ ಮಾತಿನಲ್ಲೇ ಹೇಳಿ ಟಿಪ್ಪಣಿ ಹಾಕಿದರೆ ಸಾಕು. ಊರು ಯಾವ ತಾಲ್ಲೂಕಿನಲ್ಲಿದೆ ಎಂದು ತಿಳಿಸಲು ಮೂರು ಸಾಲಿನ ಉದ್ಧರಣೆ ಬೇಕಿಲ್ಲ.

ನಿಮ್ಮ ಮಾತಿನಲ್ಲಿ ಹೇಳುವುದು ಎಂದರೆ ‘ಹೊಂದಿದೆ’ಯನ್ನು ‘ಇದೆ’ ಮಾಡುವುದಲ್ಲ, ‘ಮತ್ತು’ ತೆಗೆದು ‘ಹಾಗೂ’ ಹಾಕುವುದೂ ಅಲ್ಲ. ಪುಸ್ತಕ ಮುಚ್ಚಿಟ್ಟು, ಪಕ್ಕದಲ್ಲಿ ಕೂತ ಗೆಳತಿಗೆ ಹೇಳುವ ಹಾಗೆ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಅರ್ಥ ತಪ್ಪಿಲ್ಲವೆಂದು ನೋಡಿಕೊಳ್ಳಿ. ಮೂಲದ ನುಡಿಗಟ್ಟೊಂದು ಅಂಟಿಕೊಂಡೇ ಬಂದಿದ್ದರೆ ಅಷ್ಟಕ್ಕೆ ಮಾತ್ರ ಉದ್ಧರಣ ಚಿಹ್ನೆ ಹಾಕಿ. ಹೀಗೆ ಹೇಳಿದ ಮಾತಿಗೂ ಟಿಪ್ಪಣಿ ಬೇಕು. ವಾಕ್ಯ ನಿಮ್ಮದಾದರೂ ವಿಚಾರ ಅವರದು.

ಇಂಗ್ಲಿಷ್ ಪುಸ್ತಕದಿಂದ ತೆಗೆದುಕೊಂಡಾಗ ಇನ್ನೊಂದು ಎಚ್ಚರ ಬೇಕು. ಅನುವಾದಿಸಿದ ಕೂಡಲೇ ಆ ಮಾತು ನಮ್ಮದಾಗಿಬಿಟ್ಟಿತೆಂದು ಅನೇಕರು ತಿಳಿಯುತ್ತಾರೆ. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶ ಅದನ್ನು ಹಿಡಿಯದಿರಬಹುದು, ಆದರೂ ಅದು ಕೃತಿಚೌರ್ಯವೇ. ಉದ್ಧರಣ ಚಿಹ್ನೆಯೊಳಗೆ ಅನುವಾದ ಕೊಟ್ಟು, ಟಿಪ್ಪಣಿಯಲ್ಲಿ ‘ಅನುವಾದ ನನ್ನದು’ ಎಂದು ಸೇರಿಸಿದರೆ ಮುಗಿಯಿತು. ಹಳಗನ್ನಡ ಪದ್ಯವಾದರೆ ಮೂಲ ಕೊಟ್ಟು, ಕೆಳಗೆ ಹೊಸಗನ್ನಡದಲ್ಲಿ ತಾತ್ಪರ್ಯ ಬರೆಯಿರಿ. ತಾತ್ಪರ್ಯ ಬರೆಯಲು ಕೂತಾಗಲೇ ಪದ್ಯ ನಿಮಗೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುವುದು.

ವಾಕ್ಯದೊಳಗೆ ಕೂರಿಸುವುದು

ಪೀಠಿಕೆಯಿಲ್ಲದೆ ಪ್ಯಾರಾದ ನಡುವೆ ಬಂದು ನಿಂತ ಉದ್ಧರಣೆ, ಯಾರ ಕಡೆಯವರೆಂದೇ ಗೊತ್ತಿಲ್ಲದ ನೆಂಟರು ಮದುವೆ ಮನೆಯ ಪಂಕ್ತಿಯಲ್ಲಿ ಕೂತ ಹಾಗಿರುತ್ತದೆ. ಯಾರು, ಯಾವ ಸಂದರ್ಭದಲ್ಲಿ ಹೇಳಿದ್ದು ಎಂದು ಒಂದು ಮಾತು ಮೊದಲೇ ಬೇಕು.

ಕನ್ನಡದಲ್ಲಿ ಈ ತೊಂದರೆಗೆ ನಮ್ಮ ವಾಕ್ಯದ ರಚನೆಯೂ ಒಂದು ಕಾರಣ. ಕ್ರಿಯಾಪದ ಕೊನೆಗೆ ಬರುತ್ತದೆ. ‘... ಎಂದು ಇಂಥವರು ವಾದಿಸುತ್ತಾರೆ’ ಎಂದು ಮುಗಿಯುವವರೆಗೆ ಅದು ಯಾರ ಮಾತು, ವಾದವೋ ಊಹೆಯೋ ಆಕ್ಷೇಪವೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಎರಡು ಸಾಲಾದರೆ ಪರವಾಗಿಲ್ಲ. ಎಂಟು ಸಾಲಾದರೆ ಓದುವವರು ಅದನ್ನು ನಿಮ್ಮ ಮಾತೆಂದೇ ತಿಳಿದು ಓದಿ, ಕೊನೆಗೆ ಮತ್ತೆ ಮೇಲಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಹೆಸರನ್ನು ಮುಂದಕ್ಕೆ ತನ್ನಿ: ‘ಚಿದಾನಂದಮೂರ್ತಿಯವರು ಗಮನಿಸಿರುವಂತೆ’, ‘ಇದಕ್ಕೆ ರೈಸ್ ಕೊಡುವ ಕಾರಣ ಬೇರೆ:’ ಎಂಬ ಹಾಗೆ. ನಾಲ್ಕೈದು ಸಾಲಿಗಿಂತ ಉದ್ದದ ಉದ್ಧರಣೆಯನ್ನು ಎಡಕ್ಕೆ ಅಂಚು ಬಿಟ್ಟು ಪ್ರತ್ಯೇಕ ಪ್ಯಾರಾ ಮಾಡಿ. ಆಗ ಉದ್ಧರಣ ಚಿಹ್ನೆ ಬೇಡ. ನಡುವೆ ಬಿಟ್ಟ ಜಾಗದಲ್ಲಿ ಮೂರು ಚುಕ್ಕಿ, ನೀವು ಸೇರಿಸಿದ ಪದಕ್ಕೆ ಚೌಕ ಆವರಣ. ಮೂಲದಲ್ಲಿ ಕಾಗುಣಿತ ತಪ್ಪಿದ್ದರೂ ತಿದ್ದಬಾರದು.

ಕ್ರಿಯಾಪದದ ಆಯ್ಕೆಯಲ್ಲಿ ನಮ್ಮ ವಿದ್ಯಾರ್ಥಿಗಳು ವಿಪರೀತ ಜಿಪುಣರು. ಎಲ್ಲರೂ ‘ಹೇಳುತ್ತಾರೆ’, ಇಲ್ಲವೇ ‘ಅಭಿಪ್ರಾಯಪಡುತ್ತಾರೆ’. ಕವಿರಾಜಮಾರ್ಗದ ಕರ್ತೃವಿನ ವಿಷಯ ನೋಡಿ. ಕೆ.ಬಿ. ಪಾಠಕ್ 1898ರಲ್ಲಿ ಅದನ್ನು ಸಂಪಾದಿಸಿದಾಗ ಪುಸ್ತಕ ನೃಪತುಂಗನ ಹೆಸರಿನಲ್ಲೇ ಹೊರಬಂತು. ನಂತರದ ಚರ್ಚೆಯಲ್ಲಿ ಶ್ರೀವಿಜಯನ ಹೆಸರಿಗೆ ಹೆಚ್ಚು ಮನ್ನಣೆ ಸಿಕ್ಕಿತು. ಈ ಚರ್ಚೆಯನ್ನು ಬರೆಯುವಾಗ ಒಬ್ಬರು ಭಾವಿಸುತ್ತಾರೆ, ಇನ್ನೊಬ್ಬರು ಪ್ರಶ್ನಿಸುತ್ತಾರೆ, ಮತ್ತೊಬ್ಬರು ತಳ್ಳಿಹಾಕುತ್ತಾರೆ, ಮಗದೊಬ್ಬರು ಅರೆಮನಸ್ಸಿನಿಂದ ಒಪ್ಪುತ್ತಾರೆ. ಎಲ್ಲವನ್ನೂ ‘ಹೇಳುತ್ತಾರೆ’ ಎಂದುಬಿಟ್ಟರೆ ಜಗಳವೇ ಮಾಯವಾಗುತ್ತದೆ. ‘ಸಾಬೀತುಪಡಿಸಿದ್ದಾರೆ’ ಎಂಬುದನ್ನು ಮಾತ್ರ ತೀರಾ ಕೈ ಬಿಗಿಹಿಡಿದು ಬಳಸಿ.

ಮರ್ಯಾದೆಯ ಪ್ರಶ್ನೆಯೂ ಇದೆ. ‘ನಾಡಿನ ಖ್ಯಾತ ಸಂಶೋಧಕರೂ ಹಿರಿಯ ವಿದ್ವಾಂಸರೂ ಆದ ಡಾ.’ ಎಂದು ಶುರುಮಾಡುವುದು ಸನ್ಮಾನಪತ್ರಕ್ಕೆ ಚೆನ್ನ. ಸಂಪ್ರಬಂಧದೊಳಗೆ ಹೆಸರು ಮತ್ತು ‘ಅವರು’ ಸಾಕು. ಹಳೆಯ ಕವಿಗಳಿಗೆ ಏಕವಚನ ನಮ್ಮಲ್ಲಿ ರೂಢಿ. ಪಂಪ ಬರೆಯುತ್ತಾನೆ, ರನ್ನ ಹೇಳುತ್ತಾನೆ. ಬಸವಣ್ಣನವರಿಗೆ ಬಹುವಚನ ಬಳಸುವವರೇ ಹೆಚ್ಚು. ಯಾವುದನ್ನೇ ಹಿಡಿದರೂ ಕೊನೆಯವರೆಗೆ ಅದನ್ನೇ ಪಾಲಿಸಿ, ಒಂದೇ ಪುಟದಲ್ಲಿ ‘ಅಕ್ಕ ಹೇಳುತ್ತಾಳೆ’, ‘ಅಕ್ಕನವರು ತಿಳಿಸಿದ್ದಾರೆ’ ಎರಡೂ ಬೇಡ.

ಉದ್ಧರಣೆ ಮುಗಿದ ಮೇಲಿನ ವಾಕ್ಯದಲ್ಲೇ ಬಹಳಷ್ಟು ಜನ ಕೈಬಿಡುವುದು. ಉದ್ಧರಣೆಯಿಂದಲೇ ಪ್ಯಾರಾ ಮುಗಿಸಬೇಡಿ. ಅದರಲ್ಲಿನ ಯಾವ ಪದ, ಯಾವ ಸಂಗತಿ ನಿಮ್ಮ ಮಾತಿಗೆ ಆಧಾರ ಎಂದು ಬೆರಳಿಟ್ಟು ತೋರಿಸಿ. ಹಾಗೆ ತೋರಿಸಲಾಗದಿದ್ದರೆ ಬಹುಶಃ ಆ ಉದ್ಧರಣೆ ಅಲ್ಲಿ ಬೇಕೇ ಇರಲಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಮೂಲತಃ ಪಿಎಚ್.ಡಿ. ಮಹಾಪ್ರಬಂಧ. ವಿಷಯಕ್ಕಾಗಿ ಅಲ್ಲದಿದ್ದರೂ, ಶಾಸನಗಳ ಆಧಾರದ ಮೇಲೆ ಜನಜೀವನದ ಚಿತ್ರ ಹೇಗೆ ಕಟ್ಟುತ್ತಾರೆ ಎಂದು ಕಲಿಯಲಿಕ್ಕಾದರೂ ಒಂದು ಅಧ್ಯಾಯವನ್ನು ನಿಧಾನವಾಗಿ ಓದಿ.

ದಾರಿ ಬರೆದಿಡುವುದು

ಟಿಪ್ಪಣಿಯ ನಮೂನೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ, ಕೆಲವೊಮ್ಮೆ ಮಾರ್ಗದರ್ಶಕರಿಂದ ಮಾರ್ಗದರ್ಶಕರಿಗೆ ಬದಲಾಗುತ್ತದೆ. ಅಡಿಟಿಪ್ಪಣಿಯೋ ಅಧ್ಯಾಯದ ಕೊನೆಯ ಟಿಪ್ಪಣಿಯೋ ಎಂದು ಮೊದಲ ವಾರವೇ ಕೇಳಿಕೊಳ್ಳಿ. ಚುಕ್ಕಿ ಎಲ್ಲಿ, ಅಲ್ಪವಿರಾಮ ಎಲ್ಲಿ ಎಂಬುದರಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಓದುವವರು ಆ ಟಿಪ್ಪಣಿ ಹಿಡಿದು ಹೊರಟರೆ ತಲುಪುತ್ತಾರೋ ಇಲ್ಲವೋ ಎಂಬುದಷ್ಟೇ ಮುಖ್ಯ. ಕನ್ನಡದ ಆಕರಗಳಲ್ಲಿ ದಾರಿ ತಪ್ಪುವ ಜಾಗಗಳು ಬೇಕಾದಷ್ಟಿವೆ.

ಎಪಿಗ್ರಾಫಿಯಾ ಕರ್ನಾಟಿಕಾ ಅಂಥದ್ದೊಂದು. ಬಿ.ಎಲ್. ರೈಸ್ 1886ರಿಂದ ಹೊರತಂದ ಹಳೆಯ ಮಾಲೆಯಲ್ಲಿ ಬೇಲೂರಿನ ಶಾಸನಗಳು ಹಾಸನ ಜಿಲ್ಲೆಯ ಐದನೆಯ ಸಂಪುಟದಲ್ಲಿವೆ, ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು. ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ಹೊರತಂದ ಪರಿಷ್ಕೃತ ಮಾಲೆಯಲ್ಲಿ ಬೇಲೂರು ಒಂಬತ್ತನೆಯ ಸಂಪುಟಕ್ಕೆ ಬಂದಿದೆ, ಶಾಸನಗಳ ಸಂಖ್ಯೆಗಳೂ ಬದಲಾಗಿವೆ. ಆದ್ದರಿಂದ ‘ಎ.ಕ. 9, ಬೇಲೂರು’ ಎಂದಷ್ಟೇ ಬರೆದರೆ ಹಳೆಯ ಮಾಲೆ ಕೈಲಿರುವವರು ಬೆಂಗಳೂರಿನ ಶಾಸನಗಳ ನಡುವೆ ಸುತ್ತಾಡುತ್ತಾರೆ. ‘(ಪರಿಷ್ಕೃತ)’ ಎಂಬ ಒಂದೇ ಪದ ಈ ಅಲೆದಾಟ ತಪ್ಪಿಸುತ್ತದೆ. ಹಲ್ಮಿಡಿ ರೈಸ್ ಅವರ ಹಾಸನ ಸಂಪುಟದಲ್ಲಿ ಸಿಗುವುದೇ ಇಲ್ಲ. ಆ ಸಂಪುಟ ಬಂದ ಎಷ್ಟೋ ವರ್ಷಗಳ ಮೇಲೆ ಅದು ಬೆಳಕು ಕಂಡದ್ದು.

ವಚನಗಳ ಕಥೆಯೂ ಹೀಗೇ. ಫ.ಗು. ಹಳಕಟ್ಟಿಯವರ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬಂತು. ಅಲ್ಲಿಂದೀಚೆಗೆ ಎಷ್ಟೋ ಸಂಕಲನಗಳು ಬಂದಿವೆ, ಒಂದೇ ವಚನಕ್ಕೆ ಒಂದೊಂದರಲ್ಲಿ ಒಂದೊಂದು ಸಂಖ್ಯೆ, ಕೆಲವೊಮ್ಮೆ ಪಾಠವೂ ಬೇರೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ಹಿಡಿದು, ಸಂಪುಟ ಮತ್ತು ವಚನಸಂಖ್ಯೆ ಎರಡನ್ನೂ ಕೊಡುವುದು ಈಗ ಅನುಕೂಲ. ವಾಟ್ಸ್‌ಆ್ಯಪ್‌ನಲ್ಲಿ ಬಸವಣ್ಣನವರ ಹೆಸರಿನಲ್ಲಿ ಓಡಾಡುವ ಸಾಲನ್ನು ಸಂಪುಟದಲ್ಲಿ ಹುಡುಕದೆ ಸಂಪ್ರಬಂಧಕ್ಕೆ ತರಬೇಡಿ. ಅಂಕಿತ ಇದ್ದ ಮಾತ್ರಕ್ಕೆ ಅದು ವಚನವಾಗುವುದಿಲ್ಲ.

ಇನ್ನೊಬ್ಬರ ಪುಸ್ತಕದಲ್ಲಿ ಉದ್ಧರಿಸಿದ್ದನ್ನು ಅಲ್ಲಿಂದ ಎತ್ತಿಕೊಂಡು, ಮೂಲವನ್ನೇ ನೋಡಿದವರ ಹಾಗೆ ಟಿಪ್ಪಣಿ ಹಾಕುವ ಚಾಳಿ ನಮ್ಮಲ್ಲಿ ಹಳೆಯದು. ಮೊದಲನೆಯವರು ಪುಟಸಂಖ್ಯೆ ತಪ್ಪಾಗಿ ಬರೆದಿದ್ದರೆ ಅದೇ ತಪ್ಪು ತಲೆಮಾರುಗಳ ತನಕ ಸಾಗುತ್ತದೆ. ಮೂಲ ಸಿಗಲಿಲ್ಲವೇ? ‘ಇಂಥವರ ಇಂಥ ಗ್ರಂಥದಲ್ಲಿ ಉದ್ಧೃತ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಅದರಲ್ಲಿ ಅವಮಾನವೇನಿಲ್ಲ. ‘ಅದೇ, ಪು. 34’, ‘ಪೂರ್ವೋಕ್ತ’ ಎಂಬುವನ್ನು ಕರಡು ಪ್ರತಿಯಲ್ಲಿ ಬಳಸಲೇಬೇಡಿ. ಕಂಪ್ಯೂಟರಿನಲ್ಲಿ ಪ್ಯಾರಾ ಆಚೀಚೆ ಮಾಡಿದೊಡನೆ ‘ಅದೇ’ ಬೇರೆ ಯಾವುದೋ ಪುಸ್ತಕವಾಗಿಬಿಡುತ್ತದೆ. ಅಂತಿಮ ಪ್ರತಿಯಲ್ಲಿ ಹಾಕಿದರಾಯಿತು.

ಗ್ರಂಥಸೂಚಿಯಲ್ಲಿ ಹೆಸರುಗಳ ಅಕಾರಾದಿ ಇನ್ನೊಂದು ತಲೆನೋವು. ಡಿ.ಎಲ್. ನರಸಿಂಹಾಚಾರ್ ‘ಡಿ’ಯಲ್ಲೋ ‘ನ’ದಲ್ಲೋ? ನನ್ನ ಆಯ್ಕೆ ‘ನರಸಿಂಹಾಚಾರ್ ಡಿ.ಎಲ್.’. ನಿಮ್ಮ ವಿಭಾಗದ ರೂಢಿ ಬೇರೆಯಿದ್ದರೆ ಅದನ್ನೇ ಅನುಸರಿಸಿ, ಎಲ್ಲರಿಗೂ ಒಂದೇ ನಿಯಮ ಇರಲಿ.

ಜಾನಪದದವರಿಗೆ ಆಕರ ಪುಸ್ತಕವಲ್ಲ, ಮನುಷ್ಯರು. ಮಲೆ ಮಾದೇಶ್ವರನ ಕಾವ್ಯವನ್ನು ಅಚ್ಚಾದ ಸಂಪಾದಿತ ಪಠ್ಯದಿಂದ ತೆಗೆದುಕೊಂಡಿರೋ, ನೀವೇ ಕಂಸಾಳೆಯವರ ಬಾಯಿಂದ ಕೇಳಿ ದಾಖಲಿಸಿದಿರೋ ಎಂಬುದು ಸ್ಪಷ್ಟವಾಗಿರಬೇಕು. ನೀವೇ ದಾಖಲಿಸಿದ್ದಾದರೆ ಹಾಡಿದವರ ಹೆಸರು, ಊರು, ದಿನಾಂಕ, ದಾಖಲಿಸಿದವರ ಹೆಸರು ಟಿಪ್ಪಣಿಯಲ್ಲಿರಲಿ. ಹೆಸರು ಹಾಕಬಹುದೇ ಎಂದು ಅವರನ್ನೇ ಮೊದಲು ಕೇಳಿ. ‘ವಕ್ತೃ: ಒಬ್ಬ ಹಿರಿಯರು’ ಎಂದು ಬರೆದ ಕ್ಷೇತ್ರಕಾರ್ಯ ವರದಿಗಳು ರಾಶಿ ಬಿದ್ದಿವೆ. ಹಾಡಿದವರಿಗೆ ಅದರಿಂದ ಒಂದು ಹೆಸರೂ ಉಳಿದಿಲ್ಲ.

ಅಂಕಿಅಂಶಗಳಲ್ಲಿ ಮಾತು ಒಂದು ಪದಕ್ಕೆ ತಪ್ಪುತ್ತದೆ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಇದು ಇಡೀ ಭಾರತದ ಲೆಕ್ಕ. ಅದನ್ನು ಕರ್ನಾಟಕದ ಲೆಕ್ಕವೆಂದು ತಿಳಿದು, ರಾಜ್ಯದ 6.11 ಕೋಟಿ ಜನಸಂಖ್ಯೆಯಿಂದ ಭಾಗಿಸಿ ಶೇಕಡಾವಾರು ತೆಗೆಯುವವರಿದ್ದಾರೆ. ರಾಜ್ಯದೊಳಗಿನ ಪ್ರಮಾಣ ಸುಮಾರು ಶೇ. 66. ಸಂಖ್ಯೆ ಎಲ್ಲಿಯದು, ಯಾವ ವರ್ಷದ್ದು, ಏನನ್ನು ಎಣಿಸಿದ್ದು ಎಂಬ ಮೂರೂ ವಾಕ್ಯದೊಳಗೇ ಬಂದುಬಿಡಲಿ, ಟಿಪ್ಪಣಿಗೆ ಬಿಡಬೇಡಿ. ಪತ್ರಿಕೆಯ ವರದಿಗಿಂತ ಜನಗಣತಿಯ ಕೋಷ್ಟಕವನ್ನೇ ಉಲ್ಲೇಖಿಸುವುದು ಮೇಲು.

ಚಾಟ್‌ಬಾಟ್‌ಗಳ ಬಗ್ಗೆ ಒಂದೇ ಮಾತು. ಅವು ಇಲ್ಲದ ಪುಸ್ತಕಕ್ಕೆ ಲೇಖಕರು, ಪ್ರಕಾಶಕರು, ವರ್ಷ, ಪುಟ ಎಲ್ಲವನ್ನೂ ಅಚ್ಚುಕಟ್ಟಾಗಿ ಹುಟ್ಟಿಸಿ ಕೊಡಬಲ್ಲವು. ಕೈಯಲ್ಲಿ ಹಿಡಿದು ನೋಡದ ಪುಟವನ್ನು ಉಲ್ಲೇಖಿಸಬೇಡಿ.

ಹತ್ತು ಪರ್ಸೆಂಟಿನ ಭ್ರಮೆ

ಯುಜಿಸಿಯ 2018ರ ನಿಯಮಾವಳಿಯಂತೆ ಪ್ರಬಂಧದಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದಂತೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ತಿದ್ದಿದ ಪ್ರತಿ ಸಲ್ಲಿಸಲು ಒಂದು ವರ್ಷ ನಿರ್ಬಂಧ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಆಕರ ಸೂಚಿಸಿದ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ಕೇಳಿದವರು ‘ಹತ್ತರೊಳಗೆ ಬಂದರೆ ಸಾಕು’ ಎಂದು ಪದ ಬದಲಿಸುವ ಕಸರತ್ತಿಗೆ ಇಳಿಯುತ್ತಾರೆ. ತಂತ್ರಾಂಶ ಎಣಿಸುವುದು ಪದಗಳ ಹೋಲಿಕೆಯನ್ನು. ಕಡತ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿದ್ದು ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ಅದಕ್ಕೆ ಕನ್ನಡ ಕಾಣುವುದೇ ಕಷ್ಟ. ಸಂಪ್ರಬಂಧದ ವಿಷಯ ಬಲ್ಲ ಮಾರ್ಗದರ್ಶಕರು ಓದಿದರೆ ಮಾತ್ರ ಮಾತು ನಿಮ್ಮದಲ್ಲವೆಂದು ಎರಡೇ ಪುಟದಲ್ಲಿ ಗೊತ್ತಾಗಿಬಿಡುತ್ತದೆ.

ಈ ಕಷ್ಟದ ಬಹುಪಾಲು ಹುಟ್ಟುವುದು ಟಿಪ್ಪಣಿ ಮಾಡಿಕೊಳ್ಳುವ ದಿನವೇ. ಗ್ರಂಥಾಲಯದಲ್ಲಿ ಮೊಬೈಲಿನಿಂದ ಚಿತ್ರ ತೆಗೆಯುವಾಗ ಮೊದಲು ಶೀರ್ಷಿಕೆಯ ಪುಟ, ಆಮೇಲೆ ಮುದ್ರಣದ ವಿವರವಿರುವ ಅದರ ಹಿಂಬದಿ, ನಂತರ ಬೇಕಾದ ಪುಟವನ್ನು ಪುಟಸಂಖ್ಯೆ ಕಾಣುವ ಹಾಗೆ ತೆಗೆಯಿರಿ. ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗ ಮೂಲದ ಸಾಲಿಗೆ ಅಲ್ಲೇ ಉದ್ಧರಣ ಚಿಹ್ನೆ ಹಾಕಿ, ನಿಮ್ಮ ಅನ್ನಿಸಿಕೆಗೆ ಬೇರೆ ಬಣ್ಣದ ಪೆನ್ನು ಬಳಸಿ. ನಾಲ್ಕು ತಿಂಗಳು ಕಳೆದ ಮೇಲೆ ‘ಇದು ನನ್ನದೋ ಅವರದೋ’ ಎಂದು ನಿಮಗೇ ತಿಳಿಯದಂತಾಗುವುದು ಈ ಒಂದು ಕೆಲಸದಿಂದ ತಪ್ಪುತ್ತದೆ.

ಸಲ್ಲಿಸುವ ವಾರ ಎರಡು ಪರೀಕ್ಷೆ ಮಾಡಿಕೊಳ್ಳಿ. ಒಂದು ಅಧ್ಯಾಯದಲ್ಲಿ ಉದ್ಧರಣೆಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ ಉಳಿದದ್ದನ್ನು ಮಾತ್ರ ಓದಿ. ವಾದದ ಎಳೆ ಸಿಗುತ್ತಿದ್ದರೆ ಬರವಣಿಗೆ ನಿಮ್ಮದಾಗಿದೆ. ಇಲ್ಲವಾದರೆ ಆ ಪುಟಗಳಿಗೆ ಇನ್ನೂ ಕೆಲಸ ಬಾಕಿಯಿದೆ. ಆಮೇಲೆ ಯಾವುವಾದರೂ ಐದು ಅಡಿಟಿಪ್ಪಣಿಗಳನ್ನು ಸಹಪಾಠಿಗೆ ಕೊಟ್ಟು, ಗ್ರಂಥಾಲಯದಲ್ಲಿ ಆ ಪುಟಗಳನ್ನು ಹುಡುಕಿ ತರಲು ಹೇಳಿ. ಸಿಗದೆ ಬಂದ ಟಿಪ್ಪಣಿಯನ್ನು ಅಂದೇ ಸರಿಪಡಿಸಿ. ಸರಿಪಡಿಸಲಾಗದಿದ್ದರೆ ಅದರ ಮೇಲಿನ ವಾಕ್ಯವನ್ನೂ ತೆಗೆಯಿರಿ.